ಹುಣಸೆಮರದ ಒಡೆಯರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳಿಗೂ ಮನುಷ್ಯರಿಗೂ ನಡುವೆ ಬೇಲಿಯಿಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿ ಬಂದು, ಮನೆಗಳ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳ ರೆಕ್ಕೆ ಬಲಿತ ಮೇಲೆ ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ಕಾಣುತ್ತಾರೆ. ಆ ಮಾತನ್ನು ನಗರವಾಸಿಗಳಾದ ನಾವು ಮೆಚ್ಚಿ ಮತ್ತೆ ಮತ್ತೆ ಹೇಳುತ್ತೇವೆ. ಬಾಣಂತನವೆಂದರೆ ತವರಿಗೆ ಖರ್ಚೂ ಉಂಟೆಂಬುದನ್ನು ಮಾತ್ರ ಮರೆಯುತ್ತೇವೆ.

ಆ ಮರಗಳಲ್ಲಿ ಬಹಳಷ್ಟು ರೈತರ ಸ್ವಂತ ಮರಗಳು. ಹುಣಸೆ ಬಡಿಯುವ ಕಾಲವೂ ಹಕ್ಕಿಗಳು ಮರಿಮಾಡುವ ಕಾಲವೂ ಒಂದೇ. ಹಿಕ್ಕೆಯಿಂದ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ, ನಿಜ. ಆದರೆ ಗೂಡು ತುಂಬಿದ ಮರದ ಫಸಲು ಒಡೆಯನ ಕೈಗೆ ಹತ್ತುವುದಿಲ್ಲ. ಇದನ್ನರಿತೇ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಕ್ರಮವನ್ನು ತಂದಿತು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರು ಊರಿನ ಯುವಕರೊಡನೆ ಕೈಜೋಡಿಸಿ, ಗೂಡಿನಿಂದ ಬಿದ್ದ ಮರಿಗಳ ಆರೈಕೆಗೆ ತೊಡಗಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಇದಕ್ಕೆ ದಾರಿ ಮಾಡಿತು. ಸಮುದಾಯವಾಗಲಿ ಒಬ್ಬ ವ್ಯಕ್ತಿಯಾಗಲಿ ತಾವಾಗಿಯೇ ಮುಂದೆ ಬಂದರೆ ಅವರ ಭೂಮಿಯನ್ನು ಸರ್ಕಾರ ಹೀಗೆ ಘೋಷಿಸಬಹುದು. ಆದರೆ ಘೋಷಣೆಯ ಅನಂತರ ಭೂಮಿಯ ಬಳಕೆಯನ್ನು ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ಅಂದರೆ ಇಂದು ಒಪ್ಪಿದವನು ತನ್ನ ಮೊಮ್ಮಕ್ಕಳ ಪರವಾಗಿಯೂ ಮಾತು ಕೊಡುತ್ತಾನೆ. ಇಷ್ಟು ದೊಡ್ಡ ಮಾತನ್ನು ಬರಿಯ ಹೊಗಳಿಕೆಗೆ ಪ್ರತಿಯಾಗಿ ಕೇಳುವುದು ನ್ಯಾಯವಲ್ಲ.

ಹಣ ಕೊಟ್ಟರೆ ಹಳ್ಳಿಯವರ ಸಹಜ ಪ್ರೀತಿ ವ್ಯಾಪಾರವಾಗುತ್ತದೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಪ್ರೀತಿಯಿದ್ದವರಿಗೂ ಮಗಳ ಮದುವೆ, ಮಗನ ಓದು ಇರುತ್ತದೆ. ಆ ದಿನ ಬಂದಾಗ ಮರದ ವ್ಯಾಪಾರಿ ರೊಕ್ಕ ಹಿಡಿದು ಅಂಗಳದಲ್ಲಿ ನಿಂತಿರುತ್ತಾನೆ. ಪರಿಹಾರವು ಹುಣಸೆಯ ಪೇಟೆಧಾರಣೆಗೆ ಸರಿಯಾಗಿ, ಹೊತ್ತಿಗೆ ಸರಿಯಾಗಿ ಬಂದರಷ್ಟೇ ಪ್ರೀತಿಗೆ ಬಲ. ಮರಗಳನ್ನು ಉಳಿಸಿದರೂ ಸಾಲದು. ಹಕ್ಕಿಗಳ ಮೀನು ಶಿಂಷಾ ನದಿಯಲ್ಲಿ, ಸುತ್ತಲಿನ ಕೆರೆಗಳಲ್ಲಿ ಇದೆ. ಆ ನೀರು ಕೆಟ್ಟರೆ ಮರವಿದ್ದೂ ಗೂಡು ಬರಿದಾಗುತ್ತದೆ. ಆದ್ದರಿಂದ ಈ ಒಪ್ಪಂದದಲ್ಲಿ ಕೆರೆಗಳ ಅಂಚಿನ ಊರುಗಳೂ ಪಾಲುದಾರರಾಗಬೇಕು. ಹಳೆಯ ಮರ ಬೀಳುವ ಮುನ್ನ ಸಸಿ ನೆಡುವವರಿಗೂ ನೆರವು ಸಿಗಬೇಕು. ಇಂದು ನೆಟ್ಟ ಹುಣಸೆಯಲ್ಲಿ ಗೂಡು ಕಾಣುವುದು ಮುಂದಿನ ತಲೆಮಾರು.

ಮುಂಬಯಿಯಲ್ಲಿ ಕುಳಿತ ನಮಗೆ ಇದು ದೂರದ ಸಂಗತಿಯಲ್ಲ. ನಮ್ಮಲ್ಲಿ ಅನೇಕರ ಹೆಸರು ಊರಿನ ಪಹಣಿಯಲ್ಲಿ ಇನ್ನೂ ಇದೆ. ನಾವು ಉಳುವುದಿಲ್ಲ, ಬಿತ್ತುವುದಿಲ್ಲ. ಮಾರುವಾಗ ಮಾತ್ರ ನಮ್ಮ ಸಹಿ ಬೇಕು. ನನ್ನ ಪಾಲಿನ ತುಂಡುಭೂಮಿಯಲ್ಲೂ ಅಜ್ಜನ ಕಾಲದ ಮರಗಳಿವೆ. ಕಳೆದ ವರ್ಷ ದಲ್ಲಾಳಿಯೊಬ್ಬರು ಫೋನು ಮಾಡಿ ಬೆಲೆ ಹೇಳಿದಾಗ ನಾನು ಕೂಡಲೇ ಬೇಡವೆನ್ನಲಿಲ್ಲ. ಎರಡು ದಿನ ಯೋಚಿಸಿದೆ. ಹುಣಸೆಮರದ ಒಡೆಯ ಪ್ರತಿ ವರ್ಷ ಎದುರಿಸುವ ಪ್ರಶ್ನೆಯ ತೂಕ ನನಗೆ ತಿಳಿದದ್ದು ಆಗಲೇ.

ಊರಲ್ಲಿ ಉಳಿದ ದಾಯಾದಿಗಳಿಗೆ ಕಾಡು ಕಾಯಿರಿ ಎಂದು ಇಲ್ಲಿಂದ ಉಪದೇಶಿಸುವ ಹಕ್ಕು ನಮಗಿಲ್ಲ. ಆದರೆ ಮುಂದಿನ ರಜೆಯಲ್ಲಿ ಅವರೊಡನೆ ಕುಳಿತು, ನಮ್ಮ ಪಾಲಿನ ಆದಾಯವನ್ನು ಬಿಟ್ಟುಕೊಟ್ಟು, ಮರಗಳಿರುವ ಆ ಅಂಚನ್ನಾದರೂ ಮಾರದಿರುವ ಕರಾರು ಬರೆದುಕೊಳ್ಳಬಹುದು. ಸಹಭಾಗಿತ್ವವೆಂಬ ಮಾತಿಗೆ ಅಷ್ಟಾದರೂ ಅರ್ಥವಿರಲಿ.