ಹೇಡಿತನವಲ್ಲ, ಗಾಯ

1916ರ ಅಕ್ಟೋಬರ್ 18ರಂದು ಫ್ರಾನ್ಸಿನ ರಣರಂಗದಲ್ಲಿ ಹ್ಯಾರಿ ಫಾರ್ ಎಂಬ ಬಡ ಸಿಪಾಯಿಯನ್ನು ಬ್ರಿಟಿಷ್ ಸೈನ್ಯ ತಾನೇ ಗುಂಡಿಕ್ಕಿ ಕೊಂದಿತು. ಆಪಾದನೆ, ಹೇಡಿತನ. ಹಿಂದಿನ ವರ್ಷವೇ ಆತ ಶೆಲ್ಲಿನ ಆಘಾತದಿಂದ ಐದು ತಿಂಗಳು ಆಸ್ಪತ್ರೆಯಲ್ಲಿದ್ದವನು. ಲೇಖನಿ ಹಿಡಿಯಲಾರದಷ್ಟು ಕೈ ನಡುಕ. ಹೆಂಡತಿಗೆ ಕಾಗದವನ್ನು ನರ್ಸೇ ಬರೆಯಬೇಕಾಗಿತ್ತು.

ಅದೇ ಬೇನೆ ಅಧಿಕಾರಿಗೆ ಬಂದರೆ? ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆ, ಡಾಕ್ಟರ್ ರಿವರ್ಸ್ ಅವರ ಸಮಾಧಾನದ ಮಾತು. ಸಿಪಾಯಿಗಾದರೋ ಎಷ್ಟೋ ಕಡೆ ವಿದ್ಯುತ್ತಿನ ಶಾಕ್. ರೋಗಕ್ಕೂ ವರ್ಗಭೇದ! ಹೇಡಿತನ, ಪಲಾಯನ ಮುಂತಾದ ಆಪಾದನೆಗಳ ಮೇಲೆ ಹಾಗೆ ಕೊಂದ 306 ಮಂದಿಗೆ ಬ್ರಿಟಿಷ್ ಪಾರ್ಲಿಮೆಂಟು ಕ್ಷಮೆ ನೀಡಿದ್ದು 2006ರಲ್ಲಿ.

ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರು ಹೋರಾಡಿದ ಮೇಲೆ, 1980ರಲ್ಲಿ, ಅಲ್ಲಿನ ಮನೋವೈದ್ಯರು ಇದನ್ನು ರೋಗಗಳ ಪಟ್ಟಿಗೆ ಸೇರಿಸಿದರು. ಅಪಾಯ ಕಳೆದಿದ್ದರೂ ಮೈಮನಸ್ಸು ಅದನ್ನು ನಂಬುವುದಿಲ್ಲ. ಅದೇ ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಕಾರಣವಿಲ್ಲದ ಸಿಟ್ಟು, ಆ ಜಾಗದ ಕಡೆ ಹೆಜ್ಜೆ ಇಡಲಾರದಿರುವುದು.

ಇದು ಬರೀ ಸೈನಿಕರ ಪಾಡಲ್ಲ. 1984ರ ಭೋಪಾಲದ ವಿಷಾನಿಲದಲ್ಲಿ ಬದುಕುಳಿದವರೂ ಇದನ್ನು ಅನುಭವಿಸಿದರು. ಗಲಭೆಯಲ್ಲಿ ಅಂಗಡಿ ಸುಟ್ಟುಹೋದ ವ್ಯಾಪಾರಿಗೂ, ಜೊತೆಗಾರನ ಕೈ ಯಂತ್ರಕ್ಕೆ ಸಿಕ್ಕಿದ್ದನ್ನು ಕಣ್ಣಾರೆ ಕಂಡ ಕಾರ್ಮಿಕನಿಗೂ ಇದು ಬರಬಹುದು. ಮರುದಿನ ಆತ ಯಂತ್ರದ ಬಳಿ ನಿಲ್ಲಲಾರ. ಮೇಸ್ತ್ರಿ ‘ಸೋಮಾರಿ’ ಎಂದು ಬರೆದು ಸಂಬಳ ಕಡಿಯುತ್ತಾನೆ.

ಇದಕ್ಕೆ ಚಿಕಿತ್ಸೆ ಇದೆ. ತರಬೇತಾದವರೊಡನೆ ಮಾತಿನ ಚಿಕಿತ್ಸೆ, ಬೇಕಾದರೆ ಔಷಧಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾನೂನು ಹೇಳುತ್ತದೆ. ಅಪಘಾತವಾದಾಗ ಕೈ ಕಳೆದುಕೊಂಡವನಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತಿದ್ದವನಿಗೂ ಸಂಬಳ ಸಹಿತ ರಜೆ ಮತ್ತು ವೈದ್ಯರ ನೆರವು ಬೇಕು. ಗಿರಣಿ ಸಂಘದ ಗೆಳೆಯರು ಇದನ್ನು ಮುಂದಿನ ಬೇಡಿಕೆ ಪತ್ರದಲ್ಲೇ ಬರೆಯಲಿ.