ಎತ್ತು ಏರಿಗೆ, ಕೋಣ ನೀರಿಗೆ

ಎತ್ತನ್ನೂ ಕೋಣವನ್ನೂ ಒಂದೇ ನೊಗಕ್ಕೆ ಹೂಡಿದವನ ಪಾಡು ಗಾದೆಯಾಗಿ ಉಳಿದಿದೆ. ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಹಳೆಯ ಕಂಪ್ಯೂಟರನ್ನು ಓಡಿಸಹೊರಟವನ ಪಾಡೂ ಅದೇ. ಓವರ್‌ಕ್ಲಾಕಿಂಗ್ ಎಂದು ಈ ಸಾಹಸದ ಹೆಸರು.

ಇದಕ್ಕೆ ಪ್ರಸಿದ್ಧವಾದುದು ಇಂಟೆಲ್ ಸಂಸ್ಥೆ 1998ರಲ್ಲಿ ಹೊರತಂದ ಸೆಲೆರಾನ್ 300ಎ ಪ್ರೊಸೆಸರ್. ಮದರ್‌ಬೋರ್ಡಿನ ಬಸ್ಸು, ಎಂದರೆ ಬಿಡಿಭಾಗಗಳ ನಡುವಣ ರಾಜಮಾರ್ಗ, 66 ಮೆಗಾಹರ್ಟ್ಸ್ ತಾಳದಲ್ಲಿ ನಡೆದರೆ ಪ್ರೊಸೆಸರು ಅದರ ನಾಲ್ಕೂವರೆ ಪಟ್ಟು, ಅಂದರೆ 300 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಆ ಪಟ್ಟನ್ನು ಬದಲಿಸುವಂತಿರಲಿಲ್ಲ. ತಾಳವನ್ನೇ 100ಕ್ಕೆ ಏರಿಸಿದರೆ ಮಾತ್ರ 450 ಕೈಗೆಟಕುತ್ತಿತ್ತು. ಬಿಡಿಗಾಸಿನ ಖರ್ಚಿಲ್ಲದೆ ಒಂದೂವರೆ ಪಟ್ಟು ವೇಗ!

ಆದರೆ ತಾಳ ಏರಿದೊಡನೆ ಮೆಮೊರಿಯೂ ಜೊತೆಗೆ ಹೆಜ್ಜೆ ಹಾಕಬೇಕು. 66ಕ್ಕೆಂದೇ ತಯಾರಾದ ಮೆಮೊರಿ 100ರಲ್ಲಿ ಮುಗ್ಗರಿಸಿದರೆ ಆಶ್ಚರ್ಯವಿಲ್ಲ. ಆಗ ಫ್ಯಾನು ತಿರುಗುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ.

ಅಂಥ ಸಮಯದಲ್ಲಿ ಗಾಬರಿಪಡಬೇಕಾಗಿಲ್ಲ. ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ಕಳಚಿ, ಕೈಪಿಡಿಯಲ್ಲಿ ತೋರಿಸಿದ ಜಂಪರನ್ನು ಸರಿಸಿ, ಬಯಾಸ್‌ನಲ್ಲಿ ಉಳಿದಿರುವ ಹೊಸ ಅಂಕಿಗಳನ್ನು ಅಳಿಸಬೇಕು. ಜಂಪರು ಸಿಗದಿದ್ದರೆ ನಾಣ್ಯದಂತಿರುವ 3 ವೋಲ್ಟ್ ಬ್ಯಾಟರಿಯನ್ನು ಕೆಲವು ನಿಮಿಷಗಳ ಕಾಲ ಹೊರಗಿಡಬೇಕು. ಯಂತ್ರವು ಹಳೆಯ ವೇಗದಲ್ಲಿ ಎಚ್ಚರಗೊಂಡರೆ ಭಾಗಗಳು ಸುಟ್ಟಿಲ್ಲವೆಂದು ಸಮಾಧಾನಪಡಬಹುದು. ಅನಂತರ ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದವನಿಗೆ ದೋಷ ಯಾವುದರದೆಂದು ತಿಳಿಯುವುದೇ ಇಲ್ಲ. ಮೊದಲು ಪಿಸಿ100 ದರ್ಜೆಯ ಮೆಮೊರಿ ಇದೆಯೇ ಎಂದು ನೋಡಬೇಕು. ಅದು ಸರಿಯಿದ್ದೂ ವಿಂಡೋಸ್ ತೆರೆಯುವ ಹೊತ್ತಿಗೆ ಯಂತ್ರ ಸ್ತಬ್ಧವಾದರೆ, ಪ್ರೊಸೆಸರಿಗೆ ವೋಲ್ಟೇಜು ಸಾಲದೋ ಅಥವಾ ಶಾಖ ಮಿತಿಮೀರಿದೆಯೋ ಎಂದು ಶಂಕಿಸಬೇಕು. 300ಎಗೆ ವಿಧಿಸಿದ್ದು 2.0 ವೋಲ್ಟ್. ಅದನ್ನು ಏರಿಸಿದಷ್ಟೂ ಶಾಖವೂ ಏರುವುದರಿಂದ ಫ್ಯಾನಿನ ಧೂಳನ್ನು ಮೊದಲು ಒರೆಸುವುದು ಲೇಸು.

ಇಷ್ಟೆಲ್ಲ ತೊಂದರೆಯೇಕೆ, ನಡುವಣ 83ರಲ್ಲೇ ತೃಪ್ತಿಪಡಬಾರದೇ ಎಂದು ಯಾರಾದರೂ ಕೇಳಬಹುದು. ವಿಚಿತ್ರವೆಂದರೆ ಅದೇ ಹೆಚ್ಚು ಅಪಾಯದ ದಾರಿ! 440ಬಿಎಕ್ಸ್ ಚಿಪ್‌ಸೆಟ್ಟಿನ ಅನೇಕ ಮದರ್‌ಬೋರ್ಡುಗಳಲ್ಲಿ, ಬಸ್ಸು 100ರಲ್ಲಿದ್ದಾಗ ಪಿಸಿಐ ಮಾರ್ಗವು ಅದರ ಮೂರನೆಯ ಒಂದು ಪಾಲಾಗಿ ತನ್ನ ಸಹಜವಾದ 33ರಲ್ಲೇ ನಿಲ್ಲುತ್ತದೆ. 83ರಲ್ಲಾದರೋ ಅರ್ಧಪಾಲಾಗಿ 41ನ್ನು ದಾಟುತ್ತದೆ. ಹಾರ್ಡ್ ಡಿಸ್ಕಿನ ವ್ಯವಹಾರ ನಡೆಯುವುದು ಈ ಮಾರ್ಗದಲ್ಲಿಯೇ. ಯಂತ್ರವು ಎದ್ದು ಕೆಲಸಕ್ಕೆ ತೊಡಗಿದರೂ ಬರೆದಿಟ್ಟ ಕಡತಗಳು ಸದ್ದಿಲ್ಲದೆ ಕೆಡಬಹುದು.

ಏಳಲೊಲ್ಲದ ಯಂತ್ರವು ತನ್ನ ಅಶಕ್ತಿಯನ್ನು ಮುಚ್ಚಿಡುವುದಿಲ್ಲ. ಎದ್ದು, ನಗುಮುಖದಿಂದ ತಪ್ಪು ಬರೆಯುವ ಯಂತ್ರಕ್ಕೆ ಹೆದರಬೇಕು. ಮದುವೆಯ ಭಾವಚಿತ್ರಗಳೂ ಮನೆಯ ಲೆಕ್ಕಪತ್ರಗಳೂ ಆ ಡಿಸ್ಕಿನಲ್ಲಿದ್ದರೆ, ಅವುಗಳ ಪ್ರತಿಯೊಂದನ್ನು ಬೇರೆಡೆ ಇರಿಸಿದ ಮೇಲೆಯೇ ವೇಗದ ಮಾತನ್ನೆತ್ತುವುದು ಕ್ಷೇಮ.