ಗೃಹಸ್ಥರಿಗೆ ಕಾನೂನು: ಕರಾರಾದ ಮೇಲೆ ಒಲ್ಲೆನೆಂದರೆ

ನಂಜನಗೂಡಿನ ಗೃಹಸ್ಥರೊಬ್ಬರು ತಿ. ನರಸೀಪುರದ ಅಕ್ಕಿ ಗಿರಣಿಯೊಂದನ್ನು ನೆಲ, ಕಟ್ಟಡ, ಯಂತ್ರ, ದಾಸ್ತಾನುಗಳ ಸಹಿತ ಕೊಳ್ಳಲು ಕರಾರು ಮಾಡಿಕೊಂಡರೆಂದು ಭಾವಿಸೋಣ. ಮನೆಯಾಕೆಯ ಒಡವೆಗಳನ್ನು ಅಡವಿಟ್ಟು ಸಂಚಕಾರವನ್ನೂ ಕೊಟ್ಟಿರುವರು. ಕ್ರಯಪತ್ರದ ದಿನ ಸಮೀಪಿಸುವಾಗ, ಹೆಚ್ಚಿನ ಬೆಲೆಯ ಗಿರಾಕಿ ದೊರೆತನೆಂದು ಮಾರುವವನು ಒಲ್ಲೆನೆನ್ನುವನು. ಆಗ ಮಾಡತಕ್ಕದ್ದೇನು?

ನಮ್ಮವರು ಮೊದಲು ಮಾಡುವ ಕೆಲಸವೆಂದರೆ ಸಿಟ್ಟಿನಿಂದ ಕಾಗದ ಬರೆಯುವುದು: "ನಿನ್ನ ಗಿರಣಿಯೂ ಬೇಡ, ನಿನ್ನ ಸಹವಾಸವೂ ಬೇಡ, ನನ್ನ ಹಣ ಕೊಡು." ಈ ಒಂದು ವಾಕ್ಯವು ಗಿರಣಿ ದೊರೆಯುವ ದಾರಿಯನ್ನೇ ಮುಚ್ಚಿಬಿಡಬಹುದು. ಕರಾರನ್ನು ನೆರವೇರಿಸಿಕೊಡಬೇಕೆಂದು ಕೇಳುವವನು, ತನ್ನ ಪಾಲಿನದನ್ನು ನಡೆಸಲು ತಾನು ಸದಾ ಸಿದ್ಧನಾಗಿದ್ದೆನೆಂದು ರುಜುವಾತು ಮಾಡಬೇಕೆಂಬುದು 1963ನೆಯ ಇಸವಿಯ ನಿರ್ದಿಷ್ಟ ಪರಿಹಾರ ಅಧಿನಿಯಮದ 16ನೆಯ ಪ್ರಕರಣ. ಆ ಸಿದ್ಧತೆಯು ವಿಚಾರಣೆಯವರೆಗೂ ಎಡೆಬಿಡದೆ ಇರಬೇಕೆಂದು ಪ್ರಿವಿ ಕೌನ್ಸಿಲು 1928ರಲ್ಲಿಯೇ, ಮುಂಬಯಿಯ ಅರ್ದೇಶಿರ್ ಮಾಮಾ ಎಂಬವರ ಮೊಕದ್ದಮೆಯಲ್ಲಿ, ಹೇಳಿತ್ತು. ಹಣದ ಗಂಟನ್ನೇ ತಂದು ಮುಂದಿಡಬೇಕೆಂದು ಇದರ ಅರ್ಥವಲ್ಲ. ಹಣವನ್ನು ಒದಗಿಸಬಲ್ಲೆನೆಂಬುದಕ್ಕೆ ಬ್ಯಾಂಕಿನ ಲೆಕ್ಕವೇ ಮೊದಲಾದ ಆಧಾರವಿದ್ದರೆ ಸರಿ. ಆದುದರಿಂದ ವಕೀಲರ ಮೂಲಕ ಕಳುಹಿಸುವ ಮೊದಲ ನೋಟೀಸಿನಲ್ಲಿ, ಉಳಿದ ಹಣ ಸಿದ್ಧವಿದೆ, ಇಂತಹ ದಿನ ಬಂದು ಕ್ರಯಪತ್ರ ಬರೆದುಕೊಡಿ ಎಂದಿರುವುದೇ ಲೇಸು.

ಹಿಂದೆ ಇಂತಹ ತೀರ್ಪನ್ನು ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. 2018ರ ತಿದ್ದುಪಡಿಯು ಅದನ್ನು ಬಹುಮಟ್ಟಿಗೆ ತೆಗೆದುಹಾಕಿ, ಕೊಳ್ಳುವವನ ಕೈಯನ್ನು ಬಲಪಡಿಸಿದೆ.

ಹೊಸ ಗಿರಾಕಿಗೂ ಕೂಡಲೇ ನೋಟೀಸು ಕೊಡಬೇಕು. ಏಕೆಂದರೆ ಕರಾರಿನ ಅರಿವಿಲ್ಲದೆ ಪ್ರಾಮಾಣಿಕವಾಗಿ ಹಣ ತೆತ್ತು ಕೊಂಡವನನ್ನು ಕಾನೂನು ಕಾಪಾಡುತ್ತದೆ; ಅರಿತು ಕೊಂಡವನಿಗೆ ಆ ಆಶ್ರಯವಿಲ್ಲ. ದಾವೆಯೊಡನೆಯೇ ತಾತ್ಕಾಲಿಕ ತಡೆಯಾಜ್ಞೆಯನ್ನೂ ಬೇಡಬೇಕು. ಗಿರಣಿಯು ನರಸೀಪುರದಲ್ಲಿರುವುದರಿಂದ, ಕೊಳ್ಳುವವರು ನಂಜನಗೂಡಿನವರಾದರೂ, ಆ ತಾಲ್ಲೂಕಿನ ಮೇಲೆ ಅಧಿಕಾರವುಳ್ಳ ನ್ಯಾಯಾಲಯಕ್ಕೇ ಹೋಗಬೇಕು. ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ, ದಿನ ಗೊತ್ತುಮಾಡಿರದಿದ್ದರೆ ಮಾರುವವನು ಒಲ್ಲೆನೆಂದುದು ತಿಳಿದಂದಿನಿಂದ, ಮೂರು ವರ್ಷ ಅವಧಿ. ಅಷ್ಟು ಕಾಲವಿದೆಯೆಂದು ಕೈಕಟ್ಟಿ ಕೂತವರ ಸಿದ್ಧತೆಯನ್ನು ನ್ಯಾಯಾಲಯವು ಶಂಕಿಸುವುದೂ ಸಹಜವೇ.

ಒಂದು ವೇಳೆ ಗಿರಣಿ ದಕ್ಕದಿದ್ದರೆ? ಸಂಚಕಾರವನ್ನು ಹಿಂದಿರುಗಿಸಬೇಕೆಂದು ಅದೇ ದಾವೆಯಲ್ಲಿ ಪರ್ಯಾಯವಾಗಿ ಕೇಳಿಕೊಂಡಿರಬೇಕು. ಕೇಳದುದನ್ನು ಕೊಡಲು 22ನೆಯ ಪ್ರಕರಣವು ಅಡ್ಡಬರುತ್ತದೆ. ಹೀಗೆ ಪರ್ಯಾಯವಾಗಿ ಕೇಳುವುದರಿಂದ ಮುಖ್ಯ ಬೇಡಿಕೆಗೆ ಕುಂದಿಲ್ಲ. ನಷ್ಟಪರಿಹಾರವು 1872ರ ಕರಾರು ಅಧಿನಿಯಮದ ಮಾತು: ಸಹಜವಾಗಿ ಉಂಟಾದ ನಷ್ಟ, ಎಂದರೆ ಒಪ್ಪಿದ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರದಂತಹುದು ದೊರೆಯಬಹುದು. ಹತ್ತು ವರ್ಷ ಗಿರಣಿ ನಡೆಸಿದ್ದರೆ ಇಷ್ಟು ಲಾಭ ಬರುತ್ತಿತ್ತೆಂಬ ಮನೋರಾಜ್ಯದ ಲೆಕ್ಕಕ್ಕೆ ಅಲ್ಲಿ ಎಡೆಯಿಲ್ಲ.